ಮೀಸೆ ಉಳಿಯಲಿ, ಮಾಸ್ಕ್ ಬದಲಾಗಲಿ

ಪ್ರಶ್ನೆ: ನಮ್ಮೂರು ಕಂಪ್ಲಿ ತಾಲ್ಲೂಕಿನ ಮೆಟ್ರಿ. ನಮ್ಮ ಮನೆಯವರಿಗೆ 47 ವರ್ಷ. ಸಂಡೂರು ಕಡೆ ಅದಿರು ಲಾರಿ ಓಡಿಸುತ್ತಾರೆ. ಮೊದಲಿನಿಂದಲೂ ಗೊರಕೆ ಜೋರು. ಆಮೇಲಾಮೇಲೆ ನಿದ್ದೆಯಲ್ಲಿ ಉಸಿರೇ ನಿಂತುಹೋಗಿ, ಬೆಚ್ಚಿಬಿದ್ದವರ ಹಾಗೆ ಉಸಿರೆಳೆದುಕೊಳ್ಳಲು ಶುರುಮಾಡಿದರು. ಬಳ್ಳಾರಿಯಲ್ಲಿ ರಾತ್ರಿ ಪರೀಕ್ಷೆ ಮಾಡಿ, ಸ್ಲೀಪ್ ಅಪ್ನಿಯಾ ಇದೆ, ಗಂಟೆಗೆ 38 ಸಲ ಉಸಿರಾಟ ತಡೆಯುತ್ತಿದೆ ಎಂದರು. ಸಂಘದಲ್ಲಿ ಸಾಲ ಎತ್ತಿ ಸಿಪ್ಯಾಪ್ ಮಷಿನ್ ಕೊಂಡೆವು. ಒತ್ತಡ 11 ಎಂದು ಇಟ್ಟುಕೊಟ್ಟಿದ್ದಾರೆ. ಮಾಸ್ಕ್ ಮೂಗನ್ನಷ್ಟೇ ಮುಚ್ಚುತ್ತದೆ.

ಮೂರು ತಿಂಗಳಾದರೂ ಒಗ್ಗಿಲ್ಲ. ಮೀಸೆಯ ಸಂದಿಯಿಂದ ಗಾಳಿ ಹೊರಬಂದು ಕಣ್ಣಿಗೆ ಹೊಡೆಯುತ್ತದೆ ಎಂದು ಪಟ್ಟಿ ಬಿಗಿದು ಮೂಗಿನ ಮೇಲೆ ಗಾಯವಾಗಿದೆ. ಬಾಯಿ ಒಣಗುತ್ತದೆ, ಹೊಟ್ಟೆ ಉಬ್ಬುತ್ತದೆ. ರಾತ್ರಿ ಎರಡಕ್ಕೆ ಕಿತ್ತು ಪಕ್ಕಕ್ಕಿಡುತ್ತಾರೆ. ‘ಇದನ್ನ ಹಾಕ್ಕೊಂಡು ಮಲಗೋದಕ್ಕಿಂತ ಗೊರಕಿನೇ ಚೊಲೋ’ ಅಂತಾರೆ. ಕರೆಂಟ್ ಹೋದರೆ ಉಸಿರು ಕಟ್ಟುತ್ತದೆಂಬ ಭಯ ಬೇರೆ. ಪಕ್ಕದ ಮನೆಯವರು ‘ಆಕ್ಸಿಜನ್ ಮಟ್ಟಕ್ಕೆ ಬಂತಾ?’ ಎಂದು ಕೇಳಿದ ಮೇಲಂತೂ ಮಾರಿಬಿಡೋಣ ಎನ್ನುತ್ತಿದ್ದಾರೆ. ಬೆಳಿಗ್ಗೆ ಮಷಿನ್ ತೋರಿಸುವ ಅಂಕಿ ಬರೆದಿದ್ದೇನೆ: ಬಳಕೆ ಎರಡೂವರೆ ಗಂಟೆ, ಎಎಚ್‌ಐ 12, ಮಾಸ್ಕ್ ಸೀಲ್ ಎಂಬಲ್ಲಿ ಸಪ್ಪೆ ಮುಖದ ಚಿತ್ರ. ಏನು ಮಾಡಲಿ?
— ಹೆಸರು ಬೇಡ, ಮೆಟ್ರಿ

ಉತ್ತರ: ತಾಯೀ, ಆ ಮೂರು ಅಂಕಿ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲು ನೆರೆಯವರ ಮಾತು ತೆಗೆದುಹಾಕೋಣ. ಇದು ಆಕ್ಸಿಜನ್ ಮಷಿನ್ ಅಲ್ಲವೇ ಅಲ್ಲ. ನಿಮ್ಮ ಕೋಣೆಯಲ್ಲಿರುವ ಗಾಳಿಯನ್ನೇ ಸೋಸಿ, ಸ್ವಲ್ಪ ಒತ್ತಡ ಕೊಟ್ಟು ಮೂಗಿಗೆ ಕಳಿಸುತ್ತದೆ, ಅಷ್ಟೇ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ಒಳಗೆ ಗಾಳಿ ತುಂಬಿದ ಸೈಕಲ್ ಟ್ಯೂಬ್ ಹೇಗೆ ಅಂಟಿಕೊಳ್ಳುವುದಿಲ್ಲವೋ, ಹಾಗೆ ಈ ಒತ್ತಡ ಗಂಟಲನ್ನು ತೆರೆದಿಡುತ್ತದೆ. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಇದನ್ನು ಮೊದಲು ರೋಗಿಯೊಬ್ಬರ ಮೇಲೆ ಪ್ರಯೋಗಿಸಿದರು. ಅದಕ್ಕೂ ಮುಂಚೆ ಕಾಯಿಲೆ ತೀವ್ರವಾದವರಿಗೆ ಗಂಟಲಿಗೆ ತೂತು ಕೊರೆಯುವುದೇ ಮುಖ್ಯ ಚಿಕಿತ್ಸೆ. ಆರಂಭದ ಮಾಸ್ಕುಗಳನ್ನು ಮೂಗಿಗೆ ಅಂಟು ಹಚ್ಚಿ ಕೂರಿಸಬೇಕಿತ್ತು. ಈಗ ಹತ್ತಾರು ಬಗೆಯ ಮಾಸ್ಕುಗಳಿವೆ. ನಿಮ್ಮವರಿಗೆ ಸಿಕ್ಕಿದ್ದು ಅವುಗಳಲ್ಲಿ ಒಂದು ಮಾತ್ರ.

ಇನ್ನು ಅಂಕಿಗಳು. ಎಎಚ್‌ಐ ಎಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. 5ರ ಒಳಗಿದ್ದರೆ ಸಹಜ, 30 ದಾಟಿದರೆ ತೀವ್ರ. ನಿಮ್ಮವರದು 38 ಇದ್ದದ್ದು 12ಕ್ಕೆ ಇಳಿದಿದೆ. ಮಷಿನ್ ಕೆಲಸ ಮಾಡುತ್ತಿದೆ, ಆದರೆ ಪೂರ್ತಿ ಮಾಡಲು ಆಗುತ್ತಿಲ್ಲ. ಯಾಕೆಂದು ಸಪ್ಪೆ ಮುಖದ ಚಿತ್ರ ಹೇಳುತ್ತಿದೆ: ಗಾಳಿ ಸೋರುತ್ತಿದೆ. ಸೋರಿಕೆ ಹೆಚ್ಚಾದರೆ 11ರ ಒತ್ತಡ ಗಂಟಲಿನವರೆಗೆ ತಲುಪುವುದೇ ಇಲ್ಲ. ಮೀಸೆಯಿಂದ ಸೋರಿಕೆ, ಸೋರಿಕೆಗೆ ಹೆದರಿ ಬಿಗಿತ, ಬಿಗಿತದಿಂದ ಗಾಯ, ಗಾಯದ ನೋವಿಗೆ ಎಚ್ಚರ, ಎಚ್ಚರವಾದಾಗ ಮಾಸ್ಕ್ ಪಕ್ಕಕ್ಕೆ. ಐದು ತೊಂದರೆಯಂತೆ ಕಾಣುವುದು ಹೆಚ್ಚುಕಡಿಮೆ ಒಂದೇ.

ಹಾಗಂತ ಮೀಸೆ ಬೋಳಿಸಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನಮ್ಮ ಬಳ್ಳಾರಿ ಸೀಮೆಯಲ್ಲಿ ಯಾರು ಕೇಳುತ್ತಾರೆ! ಮೂಗಿನ ಹೊಳ್ಳೆಗಳಿಗೇ ಕೂರುವ ‘ನೇಸಲ್ ಪಿಲ್ಲೋ’ ಎಂಬ ಪುಟ್ಟ ಮಾಸ್ಕ್ ಬರುತ್ತದೆ. ಮೀಸೆಯ ಮೇಲೆ ಅದರ ಅಂಚು ಅಷ್ಟಾಗಿ ಒರಗುವುದಿಲ್ಲ, ಮೂಗಿನ ದಿಂಡಿನ ಮೇಲೂ ಭಾರ ಬೀಳುವುದಿಲ್ಲ. ಮಷಿನ್ ಕೊಟ್ಟವರ ಬಳಿ ಹೋಗಿ ಅಳತೆ ನೋಡಿ ಕೇಳಿ. ಅಂಗಡಿಯ ಕುರ್ಚಿಯಲ್ಲಿ ಕೂತು ಹಾಕಿ ನೋಡಿದರೆ ಸಾಲದು. ಮಲಗಿದಾಗ ಮುಖದ ಆಕಾರವೇ ಬದಲಾಗುತ್ತದೆ. ಮಲಗಿ, ಮಷಿನ್ ಪೂರ್ತಿ ಒತ್ತಡದಲ್ಲಿ ಓಡುವಾಗ ಪರೀಕ್ಷಿಸಬೇಕು.

ಹೊಸ ಮಾಸ್ಕ್ ಬರುವವರೆಗೆ ಈಗಿನದನ್ನೇ ಹೀಗೆ ಕೂರಿಸಿ. ಸೋಪು ಹಚ್ಚಿ ಮುಖ ತೊಳೆದು ಎಣ್ಣೆ ಜಿಡ್ಡು ತೆಗೆಯಲಿ. ದಿಂಬಿನ ಮೇಲೆ ತಲೆಯಿಟ್ಟು ಮಷಿನ್ ಹಾಕಲಿ. ಪಟ್ಟಿಗಳನ್ನೆಲ್ಲ ಸಡಿಲಿಸಿ, ಮಾಸ್ಕನ್ನು ಮುಖದಿಂದ ಒಂದಿಷ್ಟು ಮೇಲೆತ್ತಿ ಹಿಡಿದರೆ ಅದರ ಸಿಲಿಕೋನ್ ಮೆತ್ತೆಯೊಳಗೆ ಗಾಳಿ ತುಂಬಿ ಉಬ್ಬುತ್ತದೆ. ಆಗ ಮೆಲ್ಲಗೆ ಮೂಗಿನ ಮೇಲಿಟ್ಟು ಎಡಬಲ ಪಟ್ಟಿಗಳನ್ನು ಸಮಸಮವಾಗಿ, ಸೋರಿಕೆ ನಿಲ್ಲುವಷ್ಟೇ ಎಳೆಯಬೇಕು. ಪಟ್ಟಿಯಡಿ ಎರಡು ಬೆರಳು ತೂರುವಂತಿರಲಿ. ಗಾಳಿಯಿಂದ ಉಬ್ಬಿದ ಮೆತ್ತೆಯೇ ಸೀಲ್ ಮಾಡುತ್ತದೆ, ಬಿಗಿದರೆ ಅದು ಚಪ್ಪಟೆಯಾಗಿ ಇನ್ನಷ್ಟು ಸೋರುತ್ತದೆ. ಗಾಯಕ್ಕೆಂದು ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿ ಅದರ ಮೇಲೆ ಮಾಸ್ಕ್ ಹಾಕಬೇಡಿ. ಮಾಸ್ಕ್ ಜಾರುತ್ತದೆ, ಮೆತ್ತೆಯೂ ಹಾಳಾಗುತ್ತದೆ. ಗಾಯ ಆಳವಾಗಿದ್ದರೆ ವೈದ್ಯರಿಗೆ ತೋರಿಸಿ.

ಬಾಯಿ ಒಣಗುವುದಕ್ಕೆ ಕಾರಣ ಬಹುಪಾಲು ಮೂಗಿನಲ್ಲಿರುತ್ತದೆ. ಹಗಲೆಲ್ಲ ಅದಿರಿನ ಕೆಂಪು ಧೂಳು ಕುಡಿದ ಮೂಗು ರಾತ್ರಿ ಕಟ್ಟಿಕೊಳ್ಳುತ್ತದೆ. ಮೂಗು ಕಟ್ಟಿದರೆ ಬಾಯಿ ತೆರೆಯುತ್ತದೆ, ಮೂಗಿಗೆ ಹೋದ ಗಾಳಿ ಬಾಯಿಂದ ಹೊರಟುಹೋಗುತ್ತದೆ. ಮಲಗುವ ಮುಂಚೆ ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಸ್ಪ್ರೇ ಬಳಸಲಿ. ಸದಾ ಮೂಗು ಕಟ್ಟುತ್ತಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು. ಮಷಿನ್ನಿನಲ್ಲಿ ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಇದ್ದರೆ ಅದನ್ನು ಬಳಸಿ. ಅದಕ್ಕೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಬೋರ್ ನೀರು ಹಾಕಿದರೆ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಲಾರಿ ಬ್ಯಾಟರಿಗೆಂದು ತಂದ ನೀರು ಉಸಿರಾಟಕ್ಕೆ ಬೇಡ. ಬೆಳಿಗ್ಗೆ ಉಳಿದ ನೀರು ಚೆಲ್ಲಿ ಡಬ್ಬಿ ಒಣಗಿಸಿ. ಇಷ್ಟಾದರೂ ಬಾಯಿ ತೆರೆಯುತ್ತಿದ್ದರೆ ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬೇಕಾಗಬಹುದು. ಆ ತೀರ್ಮಾನ ವೈದ್ಯರು ಮಾಡಲಿ.

ಹೊಟ್ಟೆ ಉಬ್ಬುವುದು ಗಾಳಿ ನುಂಗುವುದರಿಂದ. ಒಂದು ಮಗ್ಗುಲಿಗೆ ಮಲಗುವುದು, ತಲೆಯ ಕಡೆ ತುಸು ಎತ್ತರ ಮಾಡುವುದು, ರಾತ್ರಿ ಊಟ ಬೇಗ ಮುಗಿಸುವುದು ಸಹಾಯಕ್ಕೆ ಬರುತ್ತವೆ. ಮಲಗಿದ ಕೂಡಲೇ ಗಾಳಿ ನುಗ್ಗಿ ಬಂದಂತಾದರೆ ‘ರ್‍ಯಾಂಪ್’ ಎಂಬ ಸೌಲಭ್ಯವಿದೆ. ಕಡಿಮೆ ಒತ್ತಡದಲ್ಲಿ ಶುರುವಾಗಿ ನಿದ್ದೆ ಹತ್ತುವಷ್ಟರಲ್ಲಿ 11ಕ್ಕೆ ಏರುತ್ತದೆ. ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಏರ್ಪಾಡೂ ಹಲವು ಮಷಿನ್‌ಗಳಲ್ಲಿದೆ. ಇವನ್ನೆಲ್ಲ ಇಟ್ಟುಕೊಡಲು ಹೇಳಿ. 11 ಎಂಬ ಮೂಲ ಒತ್ತಡವನ್ನು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬೇಡಿ.

ರಾತ್ರಿ ಎರಡಕ್ಕೆ ಕಿತ್ತಿಡುವುದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಕನಸು ಬೀಳುವ ನಿದ್ದೆ ಬೆಳಗಿನ ಜಾವದ ಕಡೆಗೇ ಹೆಚ್ಚು. ಆಗ ಸ್ನಾಯುಗಳು ಮತ್ತಷ್ಟು ಸಡಿಲವಾಗಿರುತ್ತವೆ, ಅನೇಕರಿಗೆ ಉಸಿರು ಕಟ್ಟುವುದು ಜೋರಾಗುವುದೂ ಆಗಲೇ. ಅಂದರೆ ಹೆಚ್ಚು ಬೇಕಾದ ಹೊತ್ತಿಗೇ ಮಾಸ್ಕ್ ಮುಖದ ಮೇಲಿಲ್ಲ. ರಾತ್ರಿಗೆ ಕನಿಷ್ಠ 4 ಗಂಟೆ ಎಂಬ ಲೆಕ್ಕವನ್ನು ವೈದ್ಯರು ಬಳಸುತ್ತಾರೆ. ಅದು ಮೊದಲ ಮೆಟ್ಟಿಲು. ನಿದ್ದೆಯಷ್ಟು ಹೊತ್ತೂ ಇರಬೇಕೆಂಬುದು ಗುರಿ. ಅಭ್ಯಾಸವನ್ನು ರಾತ್ರಿಯಿಂದ ಶುರುಮಾಡಬೇಡಿ. ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಮಾಸ್ಕ್ ಹಾಕಿ ಮಷಿನ್ ಓಡಿಸಲಿ. ಮಧ್ಯಾಹ್ನ ಮಲಗಿದರೂ ಹಾಕಲಿ. ರಾತ್ರಿ ಕಿತ್ತಿದ್ದರೆ, ಎಚ್ಚರವಾದಾಗ ನೀರು ಕುಡಿದು ಮತ್ತೆ ಹಾಕಿಕೊಳ್ಳಲಿ.

ಕರೆಂಟ್ ಹೋದರೆ ಉಸಿರು ಕಟ್ಟುವುದಿಲ್ಲ. ಮಾಸ್ಕಿನಲ್ಲಿ ಗಾಳಿಕಿಂಡಿಗಳಿವೆ, ಬಾಯಿ ತೆರೆದೇ ಇದೆ, ಎಚ್ಚರವೂ ಆಗುತ್ತದೆ. ಬಾಯಿಯನ್ನೂ ಮುಚ್ಚುವ ಮಾಸ್ಕುಗಳಲ್ಲಿ ಗಾಳಿ ನಿಂತಾಗ ತಾನಾಗಿ ತೆರೆದುಕೊಳ್ಳುವ ಬಿಲ್ಲೆ ಇರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮಷಿನ್‌ಗೆ ಹೊಂದುತ್ತದೆಯೇ ಎಂದು ಕಂಪನಿಯವರನ್ನು ಕೇಳಿ ಜೋಡಿಸಿ. ಕರೆಂಟ್ ಇಲ್ಲದ ರಾತ್ರಿ ನೀರಿನ ಡಬ್ಬಿಯ ಹೀಟರ್ ಬಂದ್ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಲಾರಿಯಲ್ಲೇ ಮಲಗುವ ದಿನಗಳಿದ್ದರೆ ಲಾರಿಯ ಬ್ಯಾಟರಿಗೆ ಹೊಂದುವ ಅಡಾಪ್ಟರ್ ಬಗ್ಗೆಯೂ ವಿಚಾರಿಸಿ. ಸಿಕ್ಕ ವೈರು ಚುಚ್ಚುವುದು ಬೇಡ.

ಧೂಳಿನ ಸೀಮೆಯಾದ್ದರಿಂದ ಮಷಿನ್ನಿನ ಫಿಲ್ಟರನ್ನು ವಾರಕ್ಕೊಮ್ಮೆ ನೋಡಿ, ಬಣ್ಣ ತಿರುಗಿದ್ದರೆ ಬದಲಿಸಿ. ಮಷಿನ್ ನೆಲದ ಮೇಲಿರದೆ, ಮಂಚಕ್ಕಿಂತ ತಗ್ಗಾದ ಸ್ಟೂಲಿನ ಮೇಲಿರಲಿ. ಮೆತ್ತೆಯನ್ನು ದಿನಾ ಒರೆಸಿ. ವಾರಕ್ಕೊಮ್ಮೆ ಮಾಸ್ಕ್, ಪೈಪುಗಳನ್ನು ಸೌಮ್ಯ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಈಗ ನನಗೆ ಎಲ್ಲಕ್ಕಿಂತ ಆತಂಕ ತಂದ ಸಂಗತಿ. ಅದಿರು ತುಂಬಿದ ಲಾರಿಯ ಸ್ಟೇರಿಂಗ್ ಹಿಂದೆ ಕಣ್ಣು ಮುಚ್ಚಿದರೆ ಅದು ಅವರೊಬ್ಬರ ಜೀವದ ವಿಷಯವಲ್ಲ. ಚಿಕಿತ್ಸೆ ಸಿಗದ ಅಪ್ನಿಯಾದಿಂದ ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯುವಿನ ಅಪಾಯ ವರ್ಷಗಳಲ್ಲಿ ಬೆಳೆದರೆ, ರಸ್ತೆಯ ಅಪಾಯ ಇವತ್ತಿನ ರಾತ್ರಿಯೇ ಇದೆ. ಬಳಕೆಯ ಗಂಟೆ, ಎಎಚ್‌ಐ ಎರಡೂ ಸರಿಹೋಗಿ, ಓಡಿಸಬಹುದು ಎಂದು ವೈದ್ಯರು ಹೇಳುವವರೆಗೆ ರಾತ್ರಿ ಟ್ರಿಪ್ ಬೇಡವೆಂದು ಮಾಲೀಕರಿಗೆ ತಿಳಿಸಲಿ. ಹಗಲಲ್ಲೂ ತೂಕಡಿಕೆ ಬರುತ್ತಿದ್ದರೆ ಅಲ್ಲಿಯವರೆಗೆ ಲಾರಿಯನ್ನೇ ಮುಟ್ಟಬಾರದು. ಕೂಲಿ ಕಡಿಮೆಯಾಗುತ್ತದೆ, ಸಾಲದ ಕಂತೂ ಇದೆ, ಗೊತ್ತು. ಆದರೂ ಇದರಲ್ಲಿ ರಾಜಿಯಿಲ್ಲ. ಕುಡಿಯುವ ಅಭ್ಯಾಸವಿದ್ದರೆ ಅದು ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ. ನಿದ್ದೆ ಮಾತ್ರೆಯನ್ನು ವೈದ್ಯರು ಹೇಳದೆ ನುಂಗಬಾರದು.

ನಿಮಗೂ ಒಂದು ಮಾತು. ರಾತ್ರಿಯಿಡೀ ಕಾವಲು ಕೂತು ‘ಹಾಕ್ಕೊಳ್ಳಿ, ಹಾಕ್ಕೊಳ್ಳಿ’ ಎನ್ನಬೇಡಿ. ನಿಮ್ಮ ನಿದ್ದೆಯೂ ಕೆಡುತ್ತದೆ, ಅವರಿಗೂ ಹಟ ಬರುತ್ತದೆ. ಬೆಳಿಗ್ಗೆ ಚಹಾ ಕುಡಿಯುವಾಗ ಮೂರು ಅಂಕಿಗಳನ್ನು ಅವರ ಕೈಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಡೀಸೆಲ್ ಲೆಕ್ಕ ಇಡುವ ಮನುಷ್ಯ ಇದನ್ನೂ ಇಟ್ಟಾರು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು-ನಾಲ್ಕು ರಾತ್ರಿ ನೋಡಿ, ಆಮೇಲೆ ಇನ್ನೊಂದು. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮಷಿನ್ ಮಾರಬೇಡಿ. ಈ ವಾರವೇ ಮಷಿನ್, ಮಾಸ್ಕ್, ನೋಟ್‌ಬುಕ್ ಮೂರನ್ನೂ ಕಟ್ಟಿಕೊಂಡು ಬಳ್ಳಾರಿಯ ಅದೇ ವೈದ್ಯರ ಬಳಿ ಹೋಗಿ. ಮಷಿನ್ನಿನಲ್ಲಿ ಮೂರು ತಿಂಗಳ ದಾಖಲೆ ಉಳಿದಿರುತ್ತದೆ, ಅದನ್ನು ತೆಗೆದು ನೋಡಿ ಎಂದು ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ತೊಂದರೆಗಳಿಗೆಂದೇ ಚಿಕಿತ್ಸಾ ವ್ಯವಸ್ಥೆ ಇದೆ.

ಈ ಅಂಕಣ ಓದುವ ಉಳಿದವರಿಗೂ ಹೇಳುತ್ತೇನೆ. ಮನೆಯಲ್ಲಿ ಲಾರಿ, ಬಸ್ಸು, ಟ್ರ್ಯಾಕ್ಟರ್ ಓಡಿಸುವವರಿದ್ದು, ಅವರ ಗೊರಕೆ ನಡುನಡುವೆ ನಿಂತು ನಿಂತು ಬರುತ್ತಿದ್ದರೆ, ಹಗಲು ಕೂತಲ್ಲೇ ಕಣ್ಣು ಎಳೆಯುತ್ತಿದ್ದರೆ, ನಗೆಯಾಡಿ ಬಿಡಬೇಡಿ. ಒಂದು ರಾತ್ರಿಯ ಪರೀಕ್ಷೆ ಮಾಡಿಸಿ.