ಅರಿಸಿನವೂ ಮೊಣಕಾಲಿನ ಸವೆತವೂ

ಹುಬ್ಬಳ್ಳಿ-ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕಸ ತೆಗೆಯುವ ಹೆಂಗಸರಿಗೂ, ಚೀಲ ಹೊರುವ ಗಂಡಸರಿಗೂ ವಯಸ್ಸು ಇಳಿದಂತೆ ಮೊಣಕಾಲು ನೋವು ಬರುವುದುಂಟು. ಅಂಥವರಿಗೆ ಅರಿಸಿನ ಕಲಸಿದ ಹಾಲನ್ನು ಕುಡಿಸುವ ರೂಢಿ ಹಳೆಯದು. ಅದರಿಂದ ಎಷ್ಟು ಗುಣವನ್ನು ನಿರೀಕ್ಷಿಸಬಹುದೆಂಬುದು ವಿಚಾರಿಸತಕ್ಕ ಸಂಗತಿಯಾಗಿದೆ.

ಕೀಲಿನಲ್ಲಿ ಕೂಡುವ ಎಲುಬುಗಳ ತುದಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯಿರುವುದು. ಇದರಲ್ಲಿ ರಕ್ತನಾಳಗಳಿಲ್ಲ; ಆದಕಾರಣ ಒಮ್ಮೆ ಸವೆದುದು ಸುಲಭವಾಗಿ ತುಂಬಿಬಾರದು. ಕೀಲಿನಲ್ಲಿ ಉರಿಯೂತವುಂಟಾದಾಗ ಮೃದ್ವಸ್ಥಿಯ ಜೀವಕೋಶಗಳೇ ಕೆಲವು ಕಿಣ್ವಗಳನ್ನು ಸ್ರವಿಸಿ, ತಮ್ಮ ಸುತ್ತಣ ಕೊಲಾಜೆನ್ ಎಂಬ ನಾರನ್ನು ಕರಗಿಸುವುವು. ಒಕ್ಕಲಿಗನು ತಾನು ಹಾಕಿದ ಒಡ್ಡನ್ನು ತಾನೇ ಅಗೆದಂತೆ ಇದು. ಅರಿಸಿನಕ್ಕೆ ಹಳದಿ ಬಣ್ಣವನ್ನು ಕೊಡುವ ಕರ್ಕ್ಯುಮಿನ್ ದ್ರವ್ಯವನ್ನು 1815ರಲ್ಲಿಯೇ ಬೇರ್ಪಡಿಸಿದ್ದರು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮೃದ್ವಸ್ಥಿ ಕೋಶಗಳಿಗೆ ಇದನ್ನು ಸೇರಿಸಿದರೆ ಆ ಕಿಣ್ವಗಳ ಉತ್ಪತ್ತಿ ತಗ್ಗುವುದೆಂದು ಕಂಡುಬಂದಿದೆ. ಸವೆತವನ್ನು ತಡೆಯಬಹುದೆಂಬ ಆಸೆಗೆ ಮುಖ್ಯ ಆಧಾರ ಇದೇ.

ಆದರೆ ಗಾಜಿನ ಬಟ್ಟಲಿಗೂ ಮನುಷ್ಯನ ಮೊಣಕಾಲಿಗೂ ಅಂತರ ಬಹಳ. ಒಣ ಅರಿಸಿನದಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3ರಷ್ಟಿರುವುದು, 500 ಮಿಲಿಗ್ರಾಂ ದೊರೆಯಬೇಕಾದರೆ 16 ಗ್ರಾಂಗೂ ಹೆಚ್ಚು ಪುಡಿ ಬೇಕು. ತಿಂದುದರಲ್ಲಿಯೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 2 ಗ್ರಾಂ ಕರ್ಕ್ಯುಮಿನ್‌ನೊಡನೆ ಮೆಣಸಿನ ಕಾಳಿನ ಸತ್ತ್ವವಾದ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ಈ ಹೀರಿಕೆಯು ಸುಮಾರು 20 ಪಟ್ಟಾಯಿತು. ಅಜ್ಜಿಯರು ಅರಿಸಿನದ ಹಾಲಿಗೆ ಮೆಣಸನ್ನು ಕುಟ್ಟಿ ಹಾಕುತ್ತಿದ್ದುದು ವ್ಯರ್ಥವಲ್ಲವೆಂದಾಯಿತು.

ರೋಗಿಗಳ ಮೇಲೆ ನಡೆದ ಪರೀಕ್ಷೆಗಳ ಫಲ ಮಿಶ್ರವಾಗಿದೆ. ಥೈಲೆಂಡಿನಲ್ಲಿ 367 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 4 ವಾರಗಳ ತರುವಾಯ ಅರಿಸಿನದ ಸಾರವು ನೋವನ್ನು ತಗ್ಗಿಸುವುದರಲ್ಲಿ ಐಬುಪ್ರೊಫೆನ್ ಗುಳಿಗೆಗೆ ಕಡಮೆಯಾಗಲಿಲ್ಲ. ಆಸ್ಟ್ರೇಲಿಯದಲ್ಲಿ 70 ಮಂದಿಯ ಮೇಲೆ 12 ವಾರ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯೂ ನೋವು ಇಳಿಯಿತು; ಆದರೆ ಕೀಲಿನ ಚಿತ್ರ ತೆಗೆದು ನೋಡಲಾಗಿ ಊತದಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನೋವು ತಗ್ಗಿದ ಮಾತ್ರಕ್ಕೆ ಸವೆತ ನಿಂತಿತೆಂದು ನಂಬಿ ಮತ್ತೆ ಭಾರ ಹೊರತೊಡಗಿದರೆ ಕೀಲಿಗೆ ಹಾನಿ ತಪ್ಪದು.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನೀರಾವರಿ ಹೊಲಗಳಲ್ಲಿ ಅರಿಸಿನ ಬೆಳೆಯುವವರು ಇನ್ನೊಂದನ್ನು ನೆನಪಿಡತಕ್ಕದ್ದು: ಕರ್ಕ್ಯುಮಿನ್ ಬೆಳಕಿಗೆ ಕೆಡುವುದು. ಬೇಯಿಸಿ ಒಣಗಿಸಿದ ಕೊಂಬುಗಳನ್ನು, ವಿಶೇಷವಾಗಿ ಪುಡಿಯನ್ನು, ಬೆಳಕು ತಾಗದಂತೆ ಮುಚ್ಚಿಡಬೇಕು.

ಅಡಿಗೆಯ ಅರಿಸಿನದಿಂದ ಭಯವಿಲ್ಲ. ಸಾರದ ಗುಳಿಗೆಗಳ ಮಾತು ಬೇರೆ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ಪಿತ್ತಕೋಶದಲ್ಲಿ ಕಲ್ಲು ಇರುವವರೂ ವೈದ್ಯರನ್ನು ಕೇಳದೆ ಅವನ್ನು ಕೊಳ್ಳಬಾರದು.