ಮಗಳಿಗೊಂದು ಲ್ಯಾಪ್‌ಟಾಪ್

ಅಕ್ಕಂದಿರೇ,

ಅಕ್ಕಿ ಕೊಳ್ಳುವಾಗ ಏನು ಮಾಡುತ್ತೀರಿ? ಒಂದು ಹಿಡಿ ಅಂಗೈಗೆ ಹಾಕಿ ನೋಡುತ್ತೀರಿ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುತ್ತೀರಿ. ಲ್ಯಾಪ್‌ಟಾಪ್ ಕೊಳ್ಳುವಾಗ ಮಾತ್ರ "ನಮಗೇನು ಗೊತ್ತಾಗುತ್ತೆ" ಅಂತ ಹೊರಗೆ ಬೆಂಚಿನ ಮೇಲೆ ಕೂತುಬಿಡುತ್ತೇವೆ. ದುಡ್ಡು ಮಾತ್ರ ನಮ್ಮದು!

ಲ್ಯಾಪ್‌ಟಾಪ್ ಅಂದರೆ ಮಡಿಚಿ ಚೀಲದಲ್ಲಿ ಹಾಕಿಕೊಂಡು ಹೋಗುವ ಕಂಪ್ಯೂಟರ್. ನೀವು ಅದನ್ನು ನೋಡಿದ್ದೀರಿ. ಪಂಚಾಯಿತಿ ಆಫೀಸಿನಲ್ಲಿ ಇದೆ, ಬ್ಯಾಂಕಿನಲ್ಲಿ ಇದೆ. ಅದನ್ನು ಕೊಳ್ಳಲು ಹೋದ ಒಬ್ಬ ಅಕ್ಕನ ಕತೆ ಈ ಪಾಠ.

ಈ ಅಕ್ಕ ತಿಪಟೂರು ಹತ್ತಿರದ ಹಳ್ಳಿಯವರು. ಕೊಬ್ಬರಿ ಕೆಲಸಕ್ಕೆ ಹೋಗುತ್ತಾರೆ. ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. "ನನ್ನ ಹೆಸರು ಹಾಕಬೇಡಿ ಟೀಚರಮ್ಮ" ಅಂದರು. ಆದ್ದರಿಂದ ಕೊಬ್ಬರಿ ಅಕ್ಕ ಅಂತಲೇ ಕರೆಯೋಣ. ಅವರ ಮಗಳು ಬಿ.ಕಾಂ. ಓದುತ್ತಾಳೆ.

2025ರ ಜೂನ್ ತಿಂಗಳು. ಕಾಲೇಜು ಶುರುವಾಗಿತ್ತು. ಮಗಳು ಲೆಕ್ಕ ಪತ್ರ ಕಲಿಯಬೇಕು. ವರದಿ ಬರೆದು ಕೊಡಬೇಕು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು. ಎಲ್ಲಕ್ಕೂ ತಿಪಟೂರಿನ ಕಂಪ್ಯೂಟರ್ ಅಂಗಡಿಯೇ ಗತಿ. ಅಲ್ಲಿ ಸರದಿ ಕಾದು ಕಾದು ಒಂದು ದಿನ ಕೊನೆ ಬಸ್ಸು ತಪ್ಪಿತು. ರಾತ್ರಿ ಒಂಬತ್ತರವರೆಗೆ ತಾಯಿ ರಸ್ತೆಯಲ್ಲಿ ನಿಂತಿದ್ದರು. ಅವತ್ತೇ ನಿರ್ಧಾರ ಮಾಡಿದರು.

ದುಡ್ಡು ಎಲ್ಲಿಂದ? ಗೃಹಲಕ್ಷ್ಮಿ ಹಣ ತಿಂಗಳಿಗೆ 2,000 ರೂಪಾಯಿ. ಎಂಟು ತಿಂಗಳಿನದು ಮುಟ್ಟದೆ ಇಟ್ಟಿದ್ದರು. ಎಷ್ಟಾಯಿತು? ಲೆಕ್ಕ ಮಾಡಿ.

8 × 2,000 = 16,000

ಇನ್ನು 20,000 ರೂಪಾಯಿ ಬೇಕು. ಸ್ವಸಹಾಯ ಸಂಘದಲ್ಲಿ ಸಾಲ ಕೇಳಿದರು. ಸಂಘದ ಸಭೆಯಲ್ಲಿ ಗದ್ದಲವೇ ಆಯಿತು.

"ಎಮ್ಮೆ ತರ್ತೀನಿ ಅಂದ್ರೆ ಕೊಡೋಣ. ಹಾಲು ಕರೀತದೆ, ಸಾಲ ತೀರ್ತದೆ. ಈ ಪೆಟ್ಟಿಗೆ ಏನು ಕರೀತದೆ?" ಅಂತ ಒಬ್ಬ ಅಜ್ಜಿ ಕೇಳಿದರು.

ಕೊಬ್ಬರಿ ಅಕ್ಕ ಹೇಳಿದರು: "ನನ್ನ ಮಗಳು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲೋದು ತಪ್ಪುತ್ತೆ ಅಜ್ಜಿ. ತಿಂಗಳಾ ತಿಂಗಳಾ ಕಟ್ಟೋ ಜವಾಬ್ದಾರಿ ನಂದು."

ಅಜ್ಜಿ ಸುಮ್ಮನಾದರು. ಸಾಲ ಮಂಜೂರಾಯಿತು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಹತ್ತು ತಿಂಗಳು, ತಿಂಗಳಿಗೆ 2,000 ಅಸಲು. ಅಸಲು ಕಡಿಮೆ ಆದ ಹಾಗೆ ಬಡ್ಡಿಯೂ ಕಡಿಮೆ. ಒಟ್ಟು ಬಡ್ಡಿ 1,100 ರೂಪಾಯಿ.

ನನ್ನನ್ನೂ ಜೊತೆಗೆ ಬನ್ನಿ ಅಂದರು. ನಾನೂ ಒಂದು ಸಲ ಟೋಪಿ ಹಾಕಿಸಿಕೊಂಡವಳೇ. 2016ರಲ್ಲಿ ಒಂದು ಮಾರಾಟ ಮೇಳದಲ್ಲಿ ಬಣ್ಣ ಚೆನ್ನಾಗಿದೆ ಅಂತ ಲ್ಯಾಪ್‌ಟಾಪ್ ತಂದೆ. ಚೀಟಿ ಓದಲೇ ಇಲ್ಲ. ಓದು ಬರುವವಳು ನಾನು! ಅದು ಆನ್ ಆಗುವಷ್ಟರಲ್ಲಿ ಅನ್ನಕ್ಕೆ ಇಟ್ಟು ಬರಬಹುದಿತ್ತು. ಆದ್ದರಿಂದ ಈ ಸಲ ಮೊದಲೇ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡೆ.

ಅದಕ್ಕೂ ಮೊದಲು ಮಗಳನ್ನು ಕೂರಿಸಿ ಕೇಳಿದೆವು. "ಇದರಲ್ಲಿ ಏನೇನು ಕೆಲಸ ಮಾಡ್ತೀಯವ್ವ?" ಅವಳು ಹೇಳಿದಳು: ಟ್ಯಾಲಿ ಕಲಿಯಬೇಕು, ವರದಿ ಟೈಪ್ ಮಾಡಬೇಕು, ಇಂಟರ್‌ನೆಟ್‌ನಲ್ಲಿ ಪಾಠ ನೋಡಬೇಕು. ಟ್ಯಾಲಿ ಅಂದರೆ ಅಂಗಡಿ, ಕಂಪನಿಗಳ ಲೆಕ್ಕ ಬರೆಯುವ ಸಾಫ್ಟ್‌ವೇರ್. ನಮ್ಮ ಬೆಂಗಳೂರಿನ ಕಂಪನಿಯದೇ. ಅದು ನಡೆಯಲು ವಿಂಡೋಸ್ ಇರುವ ಲ್ಯಾಪ್‌ಟಾಪ್ ಬೇಕು. ಈ ಕೆಲಸಗಳಿಗೆ ಬಹಳ ದುಬಾರಿಯದು ಬೇಡ. ಆಟ ಆಡುವವರಿಗೆ, ಸಿನಿಮಾ ಕತ್ತರಿಸಿ ಜೋಡಿಸುವವರಿಗೆ ಅದು ಬೇಕು. ನಮಗಲ್ಲ.

ಪೆಟ್ಟಿಗೆಯ ಚೀಟಿಯಲ್ಲಿ ಏನು ಓದಬೇಕು?

ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ಹೆದರಬೇಡಿ. ನಮಗೆ ಬೇಕಾದ್ದು ಅಂಕಿ. ನಾವು ಪಾಟಿಯ ಮೇಲೆ ೮ ಅಂತ ಬರೆಯುತ್ತೇವೆ. ಅಲ್ಲಿ 8 ಅಂತ ಇರುತ್ತದೆ. ಎರಡೂ ಎಂಟೇ.

ಕೊಬ್ಬರಿ ಅಕ್ಕನಿಗೆ ನಾನು ಹೀಗೆ ಹೇಳಿದೆ: "ಅಕ್ಕ, ನಿಮ್ಮ ಕೊಬ್ಬರಿ ಮನೆ ನೆನಪು ಮಾಡಿಕೊಳ್ಳಿ. ಕಾಯಿ ಎಲ್ಲಿರುತ್ತೆ?"

"ಅಟ್ಟದ ಮೇಲೆ. ಒಂದು ವರ್ಷ ಒಣಗಬೇಕಲ್ಲ, ಉಂಡೆ ಕೊಬ್ಬರಿ ಆಗಕ್ಕೆ."

"ಕೆಲಸ ಎಲ್ಲಿ ಮಾಡ್ತೀರಿ?"

"ಕೆಳಗೆ, ಅಂಗಳದಲ್ಲಿ."

ಲ್ಯಾಪ್‌ಟಾಪ್ ಒಳಗೂ ಹೀಗೇ ಇದೆ. ಅಲ್ಲೊಂದು ಅಟ್ಟ ಇದೆ. ಅದರ ಹೆಸರು ಸ್ಟೋರೇಜ್. ಫೋಟೋ, ಪಾಠ, ಬರೆದದ್ದು ಎಲ್ಲಾ ಅಲ್ಲಿ ಇರುತ್ತದೆ. ಅಲ್ಲೊಂದು ಅಂಗಳವೂ ಇದೆ. ಅದರ ಹೆಸರು ರ‍್ಯಾಮ್. ಕೆಲಸ ನಡೆಯುವಾಗ ಬೇಕಾದ್ದನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಹರಡಿಕೊಳ್ಳುತ್ತದೆ. ಅಟ್ಟ ಎಷ್ಟೇ ದೊಡ್ಡದಿರಲಿ, ಅಂಗಳ ಇಕ್ಕಟ್ಟಾದರೆ ಕೆಲಸ ಸಾಗುವುದಿಲ್ಲ. ಕೆಲಸ ಮಾಡುವ ಆಳು ಯಾರು? ಅದು ಪ್ರೊಸೆಸರ್.

ಅಕ್ಕಿಗೆ ಸೇರು, ಹಾಲಿಗೆ ಲೀಟರು. ಅಟ್ಟ ಅಂಗಳ ಎರಡಕ್ಕೂ ಅಳತೆ ಜಿಬಿ. ಮೇಷ್ಟ್ರು ಬರೆಸಿದ್ದು ಇಷ್ಟು: ರ‍್ಯಾಮ್ 8 ಜಿಬಿಗೆ ಕಡಿಮೆ ಬೇಡ. ಸ್ಟೋರೇಜ್ 256 ಜಿಬಿ ಸಾಕು, 512 ಸಿಕ್ಕರೆ ಒಳ್ಳೆಯದು. ಅದು ಎಸ್‌ಎಸ್‌ಡಿ ಆಗಿರಬೇಕು. ಹಳೆಯ ಕಾಲದ ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತದೆ. ಅದು ನಿಧಾನ, ಬಿದ್ದರೆ ಕೆಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗುವ ಹುಡುಗಿಗೆ ಅದೇ ಸರಿ. ತೂಕವೂ ಒಂದೂವರೆ ಕಿಲೋ ಹತ್ತಿರ ಇರಲಿ.

ಅಂಗಡಿಯಲ್ಲಿ

ಮೂವರೂ ತಿಪಟೂರಿಗೆ ಹೋದೆವು. ಶಕ್ತಿ ಯೋಜನೆ ಬಸ್ಸು, ಟಿಕೆಟ್ಟಿಗೆ ದುಡ್ಡಿಲ್ಲ.

ಮೊದಲನೇ ಅಂಗಡಿಯವನು 19,000 ರೂಪಾಯಿಯದೊಂದು ತೋರಿಸಿದ. ಹೊಸದು. ಥಳಥಳ ಹೊಳೆಯುತ್ತಿತ್ತು. "ಬ್ಯಾಗು ಫ್ರೀ, ಮೌಸು ಫ್ರೀ ಅಮ್ಮ" ಅಂದ. ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಇದೇ ಆಗಲಿ ಬಿಡಿ. ಸಂಘದಲ್ಲಿ 3,000 ತಗೊಂಡ್ರೆ ಸಾಕು."

ಆಸೆ ಆಗುವುದು ಸಹಜ. ಹದಿನೇಳು ಸಾವಿರ ಸಾಲ ಉಳಿಯುತ್ತದಲ್ಲ! ನಾನು ಹಾಳೆ ಕೊಟ್ಟೆ. "ಚೀಟಿಯ ಅಂಕಿ ನೀವೇ ಓದಿ ಅಕ್ಕ" ಅಂದೆ. ಅವರು ಬೆರಳಿಟ್ಟು ಓದಿದರು. ರ‍್ಯಾಮ್ 4. ಸ್ಟೋರೇಜ್ 64.

ವಿಂಡೋಸ್ 11 ಹಾಕಲು ಕನಿಷ್ಠ ಎಷ್ಟು ಬೇಕು ಗೊತ್ತೇ? ರ‍್ಯಾಮ್ 4, ಸ್ಟೋರೇಜ್ 64. ಅಂದರೆ ಇದು ವಿಂಡೋಸ್ ಕಾಲೂರುವಷ್ಟು ಜಾಗ ಮಾತ್ರ. ಮಗಳ ಪಾಠ, ಟ್ಯಾಲಿ ಎಲ್ಲಾ ಸೇರಿದರೆ ಉಸಿರು ಕಟ್ಟುತ್ತದೆ. "ಮುಂದೆ ರ‍್ಯಾಮ್ ಜಾಸ್ತಿ ಹಾಕಿಸಬಹುದಾ?" ಅಂತ ಮಗಳು ಕೇಳಿದಳು. "ಈ ಮಾದರಿಯಲ್ಲಿ ಆಗಲ್ಲ" ಅಂತ ಅಂಗಡಿಯವನೇ ಒಪ್ಪಿಕೊಂಡ. ಅಕ್ಕ ಹಾಳೆ ಮಡಿಚಿದರು. "ಅಂಗಳನೇ ಇಲ್ಲದ ಮನೆ" ಅಂದರು.

ಆಮೇಲೆ ಅವನು 38,000ದ್ದು ತೋರಿಸಿದ. "ಬಡ್ಡಿ ಇಲ್ಲದ ಕಂತು ಅಮ್ಮ. ತಿಂಗಳಿಗೆ ಬರೀ 3,500. ಹನ್ನೆರಡೇ ತಿಂಗಳು. ಫೈಲ್ ಚಾರ್ಜು 600." ಅಕ್ಕ ಅಲ್ಲೇ ಮಗಳ ಪೆನ್ನು ಇಸಕೊಂಡು ಬರೆದರು. ನೀವೂ ಬರೆಯಿರಿ.

12 × 3,500 = 42,000
42,000 + 600 = 42,600
42,600 – 38,000 = 4,600

ಬಡ್ಡಿ ಇಲ್ಲ ಅಂದನಲ್ಲ, ಈ 4,600 ಯಾವುದು? ಸಂಘದ ಬಡ್ಡಿ ಎಷ್ಟಿತ್ತು, ಹಿಂದೆ ತಿರುಗಿಸಿ ನೋಡಿ. ಸಾಲದ ಮೊತ್ತ ಬೇರೆ ಬೇರೆ, ಅದು ನಿಜ. ಆದರೂ ವ್ಯತ್ಯಾಸ ಕಾಣುತ್ತದೆ. ಕಂತು ಅಂದರೆ ಕೆಟ್ಟದ್ದೇ ಅಂತಲ್ಲ. ಎಲ್ಲಾ ಕಂತು ಕೂಡಿಸಿ, ನಗದು ಬೆಲೆ ಕಳೆದು ನೋಡಬೇಕು ಅಷ್ಟೆ.

ಹಳೆಯದು ತಗೊಂಡರೆ ಹೇಗೆ ಅಂತ ಕೇಳುತ್ತೀರಿ. ಅಕ್ಕನ ಪಕ್ಕದ ಮನೆ ಹುಡುಗ ಹಾಗೇ ಮಾಡಿದ. ಹಳೆಯ ಲ್ಯಾಪ್‌ಟಾಪ್ 14,000ಕ್ಕೆ ತಂದ. ಅದರ ಮೇಲೆ ಐ7 ಅಂತ ಸ್ಟಿಕ್ಕರ್ ಇತ್ತು. ಹೊಸದರ ಮೇಲೆ ಐ3 ಇತ್ತು. ಏಳು ಮೂರಕ್ಕಿಂತ ದೊಡ್ಡದು ಅಂದುಕೊಂಡ. ಆದರೆ ಅದು ಹತ್ತು ವರ್ಷದ ಹಿಂದಿನ ಐ7. ಮುದಿ ಎತ್ತು. ಇಂಟೆಲ್ ಪ್ರೊಸೆಸರ್‌ಗೆ ತಲೆಮಾರು ಇರುತ್ತದೆ. 2017ರಲ್ಲಿ ಬಂದದ್ದು ಎಂಟನೇ ತಲೆಮಾರು. ಅದಕ್ಕಿಂತ ಹಳೆಯದಾದರೆ ಸಾಮಾನ್ಯವಾಗಿ ವಿಂಡೋಸ್ 11ಕ್ಕೆ ಕಂಪನಿಯ ಒಪ್ಪಿಗೆ ಇಲ್ಲ. ಅವನದರಲ್ಲಿ ಇದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಮಾಮೂಲಿ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯದನ್ನೇ ಕೊಳ್ಳುವುದಾದರೆ ತಲೆಮಾರು ಕೇಳಿ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ, ಬಿಲ್ಲು ಕೇಳಿ. ಟ್ಯಾಲಿ ಬೇಡದವರು ಅಂಥದ್ದಕ್ಕೆ ಲಿನಕ್ಸ್ ಹಾಕಿಸಬಹುದು. ಅದು ಉಚಿತ. ಕೇರಳದ ಸರ್ಕಾರಿ ಶಾಲೆಯ ಮಕ್ಕಳು ಅದರಲ್ಲೇ ಕಲಿಯುತ್ತಾರೆ.

ಎರಡನೇ ಅಂಗಡಿಗೆ ಹೋದೆವು. ಅಲ್ಲಿ ಸರಿಯಾದದ್ದು ಸಿಕ್ಕಿತು. ರ‍್ಯಾಮ್ 8. ಎಸ್‌ಎಸ್‌ಡಿ 512. ಪ್ರೊಸೆಸರ್ ಐ3. ಮುಂದೆ ರ‍್ಯಾಮ್ ಸೇರಿಸಲು ಜಾಗವೂ ಇತ್ತು. ಬೆಲೆ 35,500. (ಇದು ಆಗಿನ ಬೆಲೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿತು. ನೀವು ಹೋಗುವ ದಿನ ಎರಡು ಮೂರು ಕಡೆ ವಿಚಾರಿಸಿ.)

ಆಗ ಅಂಗಡಿಯವನು ಮೆಲ್ಲಗೆ ಹೇಳಿದ: "ಬಿಲ್ಲು ಬೇಡ ಅಂದ್ರೆ 34,000ಕ್ಕೆ ಕೊಡ್ತೀನಿ ಅಮ್ಮ. ಬಿಲ್ಲು ಹಾಕಿದ್ರೆ ಜಿಎಸ್‌ಟಿ ಬೀಳುತ್ತೆ."

1,500 ರೂಪಾಯಿ! ಅಕ್ಕನಿಗೆ ಎಷ್ಟು ದಿನದ ಕೂಲಿ ಅದು. ಅವರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಅಕ್ಕನೇ ಕೇಳಿದರು. "ಆರು ತಿಂಗಳಿಗೆ ಕೆಟ್ಟೋದ್ರೆ ಏನಪ್ಪ ತೋರಿಸ್ಲಿ ನಿಂಗೆ?" ಅವನು ನಕ್ಕ. ಉತ್ತರ ಇರಲಿಲ್ಲ.

ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ಒಂದು ವರ್ಷ ವಾರಂಟಿ ಇರುತ್ತದೆ. ಕೆಟ್ಟರೆ ಕಂಪನಿ ರಿಪೇರಿ ಮಾಡಿಕೊಡಬೇಕು. ಯಾವತ್ತು ಕೊಂಡದ್ದು ಅನ್ನುವುದಕ್ಕೆ ಬಿಲ್ಲೇ ಸಾಕ್ಷಿ. ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲಾ ತೆರಿಗೆ ಸೇರಿರುತ್ತದೆ. ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ ನೂರಕ್ಕೆ 18. ಅದೂ ಅದರೊಳಗೇ. ಆ ಬೆಲೆಗಿಂತ ಮೇಲೆ ಯಾರೂ ಕೇಳುವ ಹಾಗಿಲ್ಲ. ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಂಬರು 1915. ನಾಲ್ಕೇ ಅಂಕಿ. ಗೋಡೆಯ ಮೇಲೆ ಬರೆದಿಡಿ.

ಬರೆಯುವ ಸಾಫ್ಟ್‌ವೇರ್‌ಗೆ ಬೇರೆ 4,000 ಕೇಳಿದ. ಮಗಳು ಬೇಡ ಅಂದಳು. ಲಿಬ್ರೆಆಫೀಸ್ ಅಂತ ಉಚಿತವಾಗಿ ಸಿಗುತ್ತದೆ. ಕನ್ನಡದಲ್ಲಿ ಟೈಪ್ ಮಾಡಲು ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. ಅದಕ್ಕೂ ದುಡ್ಡಿಲ್ಲ.

ಪೆಟ್ಟಿಗೆಯ ಸೀಲು ನಮ್ಮ ಎದುರಿಗೇ ಒಡೆಸಿದೆವು. ಅಲ್ಲೇ ಆನ್ ಮಾಡಿಸಿದೆವು. ಮಗಳು ಒಂದೊಂದೇ ಕೀಲಿ ಒತ್ತಿ ನೋಡಿದಳು. ಕ್ಯಾಮೆರಾದಲ್ಲಿ ತಾಯಿಯ ಮುಖ ಬಂತು. ಅಕ್ಕ ಸೆರಗು ಸರಿ ಮಾಡಿಕೊಂಡರು! ಚಾರ್ಜರ್ ಚುಚ್ಚಿ ನೋಡಿದೆವು. ಸೆಟ್ಟಿಂಗ್ಸ್ ಒಳಗೆ ರ‍್ಯಾಮ್ ಎಷ್ಟು ಅಂತ ತೋರಿಸುತ್ತದೆ. ಅಲ್ಲೂ 8 ಇತ್ತು.

ಕೊನೆಗೆ ಬಿಲ್ಲು ಬಂತು. ನಾನು ಕೈ ಚಾಚಿದೆ. ಅಕ್ಕ ಕೊಡಲಿಲ್ಲ. ಬೆಳಕಿಗೆ ಹಿಡಿದು ತಾವೇ ಓದತೊಡಗಿದರು. ತಾರೀಖು ಸರಿ. ಮೊತ್ತ 35,500 ಸರಿ. ಅಂಗಡಿಯ ಮುದ್ರೆ ಇದೆ. ಆಮೇಲೆ ಪೆಟ್ಟಿಗೆ ತಿರುಗಿಸಿದರು. ಪ್ರತಿ ಲ್ಯಾಪ್‌ಟಾಪ್‌ಗೂ ಒಂದು ಸೀರಿಯಲ್ ನಂಬರು ಇರುತ್ತದೆ. ಪೆಟ್ಟಿಗೆಯ ಮೇಲೂ, ಲ್ಯಾಪ್‌ಟಾಪ್ ಬೆನ್ನ ಮೇಲೂ, ಬಿಲ್ಲಿನಲ್ಲೂ ಅದೇ ಇರಬೇಕು. ಅಕ್ಕ ಬಿಲ್ಲು ನೋಡಿದರು, ಪೆಟ್ಟಿಗೆ ನೋಡಿದರು. ಮತ್ತೆ ಬಿಲ್ಲು ನೋಡಿದರು.

"ಟೀಚರಮ್ಮ, ಇಲ್ಲಿ ಕೊನೇಲಿ 47 ಐತೆ. ಬಿಲ್ಲಲ್ಲಿ 74 ಬರ್ದವ್ನೆ."

ನಾನು ನೋಡಿದೆ. ಹೌದು. ಅಂಗಡಿಯವನೂ ನೋಡಿದ. "ಅರ್ಜೆಂಟಲ್ಲಿ ತಪ್ಪಾಯ್ತು ಅಮ್ಮ" ಅಂತ ಹೇಳಿ ಬೇರೆ ಬಿಲ್ಲು ಬರೆದುಕೊಟ್ಟ. ಹಳೆಯ ಬಿಲ್ಲು ನಮ್ಮ ಎದುರಿಗೇ ಹರಿದ.

36,000ದಲ್ಲಿ 500 ಉಳಿದಿತ್ತು. ಅದರಲ್ಲಿ 60 ರೂಪಾಯಿಗೆ ಮೂವರೂ ಕಾಫಿ ಕುಡಿದೆವು. ಬಿಲ್ಲು ಈಗ ಅಕ್ಕನ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ ಇದೆ.

ಮಾಡಿ ನೋಡಿ

ನಿಮ್ಮ ಮನೆಯಲ್ಲಿರುವ ಒಂದು ಬಿಲ್ಲನ್ನು ನಾಳೆ ಕೇಂದ್ರಕ್ಕೆ ತನ್ನಿ. ಮಿಕ್ಸಿಯದಾಗಲಿ, ಮೊಬೈಲಿನದಾಗಲಿ. ತಾರೀಖು, ಮೊತ್ತ, ಸೀರಿಯಲ್ ನಂಬರು ಎಲ್ಲಿದೆ ಹುಡುಕಿ ಗೆರೆ ಎಳೆಯಿರಿ.

ಒಂದು ಲ್ಯಾಪ್‌ಟಾಪ್‌ನ ನಗದು ಬೆಲೆ 33,000. ಕಂತಿನಲ್ಲಿ ತಿಂಗಳಿಗೆ 4,000, ಒಂಬತ್ತು ತಿಂಗಳು. ಎಷ್ಟು ಹೆಚ್ಚು ಕೊಟ್ಟಂತಾಯಿತು?