ಹೊರದೇಶಕ್ಕೆ ಹೋಗುವ ಹಾಲಿನ ಪದಾರ್ಥಗಳೂ ಆರೋಗ್ಯ ಪ್ರಮಾಣಪತ್ರವೂ

ನಮ್ಮ ಗ್ರಾಮಗಳ ಹಾಲು ತುಪ್ಪವಾಗಿಯೂ ಹಾಲಿನ ಪುಡಿಯಾಗಿಯೂ ಮಾರ್ಪಟ್ಟು ಸಮುದ್ರವನ್ನು ದಾಟಿ ಮಾರಾಟವಾಗುತ್ತಲಿದೆ. ಈ ಸರಕಿನ ಸಂಗಡ ಆರೋಗ್ಯ ಪ್ರಮಾಣಪತ್ರವು ಹೋಗತಕ್ಕದ್ದು. ಅದು ಕಾರ್ಖಾನೆಯವರ ಕೆಲಸ, ತಮಗೇನೂ ಸಂಬಂಧವಿಲ್ಲವೆಂದು ಅನೇಕ ಹಿಡುವಳಿದಾರರು ಭಾವಿಸಿರುವರು. ಈ ಭಾವನೆಯು ಸರಿಯಲ್ಲವೆಂಬುದನ್ನು ತಿಳಿಸುವುದೇ ಈ ಕರಪತ್ರದ ಉದ್ದೇಶ.

ಪತ್ರವನ್ನು ಕೊಡುವವರು

1963ರ ಕಾಯಿದೆಯ ಮೇರೆಗೆ ಭಾರತ ಸರ್ಕಾರದವರು ರಫ್ತು ತಪಾಸಣಾ ಮಂಡಳಿಯನ್ನು ಸ್ಥಾಪಿಸಿದರು. ಹಾಲಿನ ಪದಾರ್ಥಗಳಿಗಾಗಿ 2000ನೆಯ ಇಸವಿಯಲ್ಲಿ ಪ್ರತ್ಯೇಕ ನಿಯಮಗಳು ಹೊರಟವು. ಮಂಡಳಿಯ ಅಧೀನದಲ್ಲಿರುವ ತಪಾಸಣಾ ಸಂಸ್ಥೆಯವರು ಕಾರ್ಖಾನೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವರು. ಕೊಳ್ಳುವ ದೇಶದ ಷರತ್ತುಗಳು ನೆರವೇರಿದ್ದರೆ ಪ್ರಮಾಣಪತ್ರವನ್ನು ಬರೆದುಕೊಡುವರು. ಷರತ್ತುಗಳು ಎಲ್ಲ ದೇಶಗಳಲ್ಲಿಯೂ ಒಂದೇ ವಿಧವಾಗಿಲ್ಲ.

ಕಾಯಿಸಿದರೆ ಹೋಗುವ ದೋಷ

ಕಾಲುಬಾಯಿ ಜ್ವರದ ವಿಷಾಣುವು ಹಾಲಿನಲ್ಲಿಯೂ ಇಳಿದುಬರುತ್ತದೆ. ಆದಕಾರಣ ಹಾಲನ್ನು ಎಷ್ಟು ಕಾಯಿಸಬೇಕೆಂಬುದಕ್ಕೆ ಅಂತಾರಾಷ್ಟ್ರೀಯ ಕ್ರಮಗಳಿವೆ. 132 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕನಿಷ್ಠ 1 ಸೆಕೆಂಡು ಕಾಯಿಸುವುದು ಅವುಗಳಲ್ಲೊಂದು. ಹಾಗೆಂದು ರೈತರು ಲಸಿಕೆಯನ್ನು ಅಲಕ್ಷ್ಯ ಮಾಡಲಾಗದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆಯೂ, ಕಂದು ಹಾಕುವ ಬ್ರುಸೆಲ್ಲಾ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆಯೂ ಲಸಿಕೆ ಹಾಕುವ ಏರ್ಪಾಡಿದೆ. ಕಿವಿಗೆ ಬಿಲ್ಲೆ ಹಾಕಿಸದೆ ರಾಸುಗಳನ್ನು ಮರೆಮಾಡುವುದರಿಂದ ಊರಿಗೇ ನಷ್ಟ.

ಕಾಯಿಸಿದರೂ ಹೋಗದ ದೋಷಗಳು

ಮೊದಲನೆಯದು ಔಷಧದ ಶೇಷ. ಕೆಚ್ಚಲು ಬಾವಿಗೆ ಪೆನಿಸಿಲಿನ್ ಕೊಟ್ಟಲ್ಲಿ ಅದು ಹಾಲಿನಲ್ಲಿ ಬರುತ್ತದೆ. ಅಂತಾರಾಷ್ಟ್ರೀಯ ಮಿತಿಯು ಒಂದು ಕಿಲೋಗ್ರಾಂ ಹಾಲಿಗೆ 4 ಮೈಕ್ರೋಗ್ರಾಂ ಮಾತ್ರ. ಲೆಕ್ಕ ಹಾಕಿ ನೋಡಿದರೆ, ಒಂದು ಗ್ರಾಂ ಪೆನಿಸಿಲಿನ್ ಎರಡೂವರೆ ಲಕ್ಷ ಕಿಲೋಗ್ರಾಂ ಹಾಲನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಒಬ್ಬನ ಬಿಂದಿಗೆಯ ಹಾಲು ನೂರು ಮನೆಗಳ ಹಾಲನ್ನು ಕೆಡಿಸುವ ಬಗೆ ಇದು. ಔಷಧದ ಪೊಟ್ಟಣದ ಮೇಲೆ ಹೇಳಿರುವ ಅವಧಿಯನ್ನು ಕಡೆಯ ಸಾರಿ ಔಷಧ ಕೊಟ್ಟ ಹೊತ್ತಿನಿಂದ ಎಣಿಸಬೇಕು. ಒಂದೇ ಮೊಲೆಗೆ ಔಷಧ ಹಾಕಿದ್ದರೂ ನಾಲ್ಕು ಮೊಲೆಗಳ ಹಾಲನ್ನೂ ಸಂಘಕ್ಕೆ ಹಾಕಕೂಡದು.

ಎರಡನೆಯದು ಬೂಷ್ಟಿನ ವಿಷ. ತೇವ ತಗುಲಿದ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ಮುಸುಕಿನ ಜೋಳ ಇವುಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಸುವು ಅದನ್ನು ತಿಂದ ಒಂದು ದಿವಸದೊಳಗೇ ಅದರ ರೂಪಾಂತರವು ಹಾಲಿನಲ್ಲಿ ತೋರುವುದು. ಭಾರತದಲ್ಲಿ ಇದರ ಮಿತಿ ಕಿಲೋಗ್ರಾಂಗೆ 0.5 ಮೈಕ್ರೋಗ್ರಾಂ, ಐರೋಪ್ಯ ಒಕ್ಕೂಟದಲ್ಲಿ 0.05, ಅಂದರೆ ಹತ್ತರಲ್ಲೊಂದು ಪಾಲು. ಬೂಷ್ಟು ಹಿಡಿದ ಭಾಗವನ್ನು ಮಾತ್ರ ತೆಗೆದು ಉಳಿದುದನ್ನು ತಿನ್ನಿಸುವ ವಾಡಿಕೆಯನ್ನು ಬಿಡತಕ್ಕದ್ದು. ಕಣ್ಣಿಗೆ ಚೆನ್ನಾಗಿ ಕಾಣುವ ಹಿಂಡಿಯಲ್ಲಿಯೂ ವಿಷವಿರಬಹುದು. ಹಿಂಡಿಯ ಮೂಟೆಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಗಳ ಮೇಲಿಟ್ಟು, ಮಳೆಗಾಲಕ್ಕೆ ಮುಂಚೆ ಸೂರನ್ನು ಸರಿಪಡಿಸಬೇಕು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಒಂದೇ ಹಸುವಿರುವ ಬಡವನಿಗೆ ನಾಲ್ಕು ದಿವಸದ ಹಾಲನ್ನು ಚೆಲ್ಲೆಂದು ಹೇಳುವುದು ಸುಲಭ; ಅವನಿಗೆ ಚೆಲ್ಲುವುದು ಸುಲಭವಲ್ಲ. ಆ ದಿನಗಳ ಸಂಪಾದನೆಯೇ ಅವನ ಮನೆಯ ಅಕ್ಕಿ. ನಿಜ ಹೇಳಿದವನಿಗೆ ನಷ್ಟವೂ ಮುಚ್ಚಿಟ್ಟವನಿಗೆ ಲಾಭವೂ ಆಗುವವರೆಗೆ ಯಾವ ನಿಯಮವೂ ಕೊಟ್ಟಿಗೆಯನ್ನು ಮುಟ್ಟದು. ಆದಕಾರಣ ಸಂಘದ ಲಾಭದಲ್ಲಿ ಒಂದು ಪಾಲನ್ನು ಪ್ರತ್ಯೇಕಿಸಿ, ಚಿಕಿತ್ಸೆಯ ಸಂಗತಿಯನ್ನು ತಾನಾಗಿ ತಿಳಿಸಿ ಹಾಲನ್ನು ತಡೆದವನಿಗೆ ಸ್ವಲ್ಪಮಟ್ಟಿಗಾದರೂ ಪರಿಹಾರ ಕೊಡುವ ಕಟ್ಟುಪಾಡನ್ನು ಮುಖಂಡರು ಮಾಡುವುದು ಉಚಿತ. ಚಿಕಿತ್ಸೆಯ ದಿನಾಂಕ, ಔಷಧದ ಹೆಸರು, ಬಿಲ್ಲೆಯ ಸಂಖ್ಯೆ ಇವನ್ನು ಬರೆದಿಡಲು ಸಂಘದಲ್ಲಿ ಒಂದು ಪುಸ್ತಕವಿರಲಿ.

ಹೊರದೇಶದವರ ಮಾತು ಹಾಗಿರಲಿ, ಇದೇ ಹಾಲನ್ನು ನಮ್ಮ ಮಕ್ಕಳೂ ಕುಡಿಯುವರು. ಅವರಿಗೆ ಯಾರೂ ಪ್ರಮಾಣಪತ್ರವನ್ನು ಬರೆದುಕೊಡುವುದಿಲ್ಲ. ರೈತನ ಪ್ರಾಮಾಣಿಕತೆಯೇ ಅವರಿಗಿರುವ ರಕ್ಷೆ.